ಬಾಳೆ ಶೆಡ್ಡಿನ ಸಾಲಿ

ಕಡ್ಡಿರಾಂಪುರ
4 ಆಗಸ್ಟ್ 2024, ಭಾನುವಾರ

ಸೊಸೆ ಸ್ನೇಹಾಳಿಗೆ ಅತ್ತೆಯ ಆಶೀರ್ವಾದ.

ಇವತ್ತು ಫೋನಿನಲ್ಲಿ ನೀನು ಅತ್ತದ್ದು ನನಗೆ ಕೇಳಿಸಿತು. ಹೋಟೆಲ್ ತುಂಬ ಗಿರಾಕಿಗಳಿದ್ದರು, ಅದಕ್ಕೇ ಕೇಳಿಸದವಳ ಹಾಗೆ ಮಾತು ಮುಗಿಸಿದೆ. ನಿಮ್ಮ ಪೊಲೀಸ್ ತರಬೇತಿಯಲ್ಲಿ ವಾರಕ್ಕೊಂದು ಸಲ ಫೋನ್ ಕೈಗೆ ಕೊಡುತ್ತಾರೆ, ನಾಲ್ಕು ಮಾತು ಆಡುವಷ್ಟರಲ್ಲಿ ವಾಪಸ್ ಇಸಿದುಕೊಳ್ಳುತ್ತಾರೆ. ಅಷ್ಟರಲ್ಲಿ ಏನು ಹೇಳಲಿ, ಏನು ಬಿಡಲಿ? ಇನ್ನು ಮೇಲೆ ಬರೆಯುತ್ತೇನೆ. ಏಳನೇ ಕ್ಲಾಸು ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ಕಡಿಮೆ. ತಪ್ಪು ಕಂಡರೆ ಗೆಳತಿಯರಿಗೆ ತೋರಿಸಿ ನಗಬೇಡ.

ನಿನಗೆ ಸುಳ್ಳು ಹೇಳುವುದಿಲ್ಲ. ನಿನ್ನ ಮಗ, ನಮ್ಮ ಸಣ್ಣ ಯಜಮಾನ, ಇನ್ನೂ ಮಾತಾಡಿಲ್ಲ. ಅವನಿಗೆ ಅಜ್ಜನ ಹೆಸರಿಟ್ಟು ನೀವಿಬ್ಬರೂ ನನ್ನನ್ನು ಕಷ್ಟಕ್ಕೆ ಸಿಕ್ಕಿಸಿದಿರಿ. ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ನನಗಿಲ್ಲ, ಆ ಪುಣ್ಯಾತ್ಮ ತೀರಿಕೊಂಡು ಇಷ್ಟು ವರ್ಷವಾದರೂ ಇಲ್ಲ. ನೀನು ಹೋದ ಬೆಳಿಗ್ಗೆ ಮುಚ್ಚಿದ ಬಾಯಿಯನ್ನು ಅವನು ಊಟಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ತೆರೆದಿಲ್ಲ. "ಅವ್ವ ಸಂತಿಗೆ ಹೋಗ್ಯಾಳ, ಬರ್ತಾಳ" ಎಂದೆವು. ಎಲ್ಲಿ, ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ಅಳುವುದೂ ಇಲ್ಲ. ಮೊನ್ನೆ ಒಲೆಯ ಹತ್ತಿರ ಬಿದ್ದು ಮೊಣಕಾಲಿನ ಚರ್ಮ ಕಿತ್ತು ಬಂತು. ತುಟಿ ಕಚ್ಚಿಕೊಂಡು ನಿಂತ. ಇಡೀ ದಿನ ಗಲ್ಲಾಪೆಟ್ಟಿಗೆಯ ಮೇಜಿನ ಕೆಳಗೆ ಕುಳಿತಿರುತ್ತಾನೆ. ಹೊಸಪೇಟೆಯ ಡಾಕ್ಟರು ಕಿವಿ ನೋಡಿದರು, ನಾಲಿಗೆ ನೋಡಿದರು, ಎಲ್ಲ ಸರಿಯಿದೆ, ತಾಯಿಯ ನೆನಪು, ತಾನೇ ಸರಿಹೋಗುತ್ತದೆ ಎಂದರು. ನಾನು ಬಜೆ ತೇಯ್ದು ನಾಲಿಗೆಗೆ ಹಚ್ಚಿದೆ, ದೃಷ್ಟಿ ತೆಗೆದೆ. ಮುಖ ಕಿವುಚಿದ, ಅಷ್ಟೇ.

ಮೇಜಿನ ಕೆಳಗೆ ಬಿಟ್ಟರೆ ಮಗು ಇನ್ನೂ ಮಂಕಾಗುತ್ತದೆಂದು ಬಾಳೆ ಶೆಡ್ಡಿನ ಸಾಲಿಗೆ ಹಾಕಿದ್ದೇನೆ. ಹಂಪಿ ರಸ್ತೆಯಲ್ಲಿ ಮೊದಲು ಬಾಳೆಗೊನೆ ಲೋಡ್ ಮಾಡುತ್ತಿದ್ದರಲ್ಲ, ಅದೇ ಶೆಡ್ಡು. ಕಂಪ್ಲಿಯ ಸುವರ್ಣಮ್ಮ ಎಂಬ ಟೀಚರ್ ನಡೆಸುತ್ತಾರೆ. ಮಾಂಟೆಸ್ಸರಿ ಎನ್ನುತ್ತಾರೆ. ಊರಿನ ತಂದೆತಾಯಿಗಳೇ ಸೇರಿ ಸುಣ್ಣ ಬಳಿದಿದ್ದಾರೆ, ಗಾರೆ ಕೆಲಸದವರು ನೆಲ ಹಾಕಿದ್ದಾರೆ, ವಾರಕ್ಕೊಂದು ಮನೆಯವರು ಕಾಯಿಪಲ್ಯ ಕಳಿಸುತ್ತಾರೆ. ಎಲ್ಲ ಚೆನ್ನಾಗಿದೆ, ಆದರೆ ಓದಿಸುವುದೊಂದನ್ನು ಬಿಟ್ಟು! ಮಕ್ಕಳು ಒಂದು ಚಂಬಿನಿಂದ ಇನ್ನೊಂದು ಚಂಬಿಗೆ ನೀರು ಸುರಿಯುತ್ತವೆ. ಮೇಜು ತೊಳೆಯುತ್ತವೆ. ಹಿತ್ತಾಳೆ ಗಂಟೆ ತಿಕ್ಕುತ್ತವೆ. ಕಪ್ಪು ಹಲಗೆಯೇ ಇಲ್ಲ. ಬಡಿಗೆಯೂ ಇಲ್ಲ. ಅದೆಂಥ ಸಾಲಿಯೋ ಶಿವನೇ ಬಲ್ಲ. ಆದರೂ ಅವನು ಹೋಗುತ್ತಾನೆ, ಚಪ್ಪಲಿ ತಾನೇ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ.

ನಿನ್ನ ಗಂಡ ಮಲ್ಲೇಶ ಯಶವಂತನಗರದ ಡ್ರೈವರ್ ಕೆಲಸದಿಂದ ರಜೆಗೆ ಬಂದಿದ್ದ. ಮಗನನ್ನು ನೋಡಿ ನೋಡಿ, "ಆಕಿನ್ನ ವಾಪಸ್ ಕರಸವ್ವ, ನೌಕರಿ ಏನ್ ಮಾಡ್ತೀರಿ ಮಗು ಮೂಕ ಆದ ಮ್ಯಾಲ" ಎಂದ. "ಲೇ, ಆಕಿ ಓಡಿ, ಜಿಗಿದು, ಪರೀಕ್ಷೆ ಬರೆದು ಒಂದ ಸಲಕ್ಕ ಗಳಿಸಿದ ನೌಕರಿ ಅದು. ನಿನ್ನ ಡ್ರೈವಿಂಗ್ ಲೈಸೆನ್ಸ್ ಹಂಗ ತಿಪ್ಪರಲಾಗ ಹಾಕಿ ಹಾಕಿ ಸಿಕ್ಕಿದ್ದಲ್ಲ" ಎಂದೆ. ಸಿಟ್ಟು ಮಾಡಿಕೊಂಡು ಕಂಪನಿ ಬಸ್ಸು ಹತ್ತಿದ.

ನಡುವೆ ಬಿಟ್ಟು ಬಂದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದು ನೀನೇ ಹೇಳಿದ್ದೆ. ಬಿಡಬೇಡ. ಮಗುವನ್ನು ನನಗೆ ಬಿಡು.

ನಿನ್ನ ಅತ್ತೆ
ರೇಣುಕಮ್ಮ

*

ಕಲಬುರಗಿ
18 ಆಗಸ್ಟ್ 2024

ಅತ್ತೆಯವರಿಗೆ ಸ್ನೇಹಾಳ ಶರಣು.

ನಿಮ್ಮ ಕಾಗದವನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಓದಿದೆ. ನಗಲಿಲ್ಲ. ಲೈಸೆನ್ಸಿನ ಮಾತಿಗೆ ಮಾತ್ರ ನಕ್ಕೆ.

ಇಲ್ಲಿ ಬೆಳಗಾಗುವ ಮುಂಚೆ ಓಟ ಶುರುವಾಗುತ್ತದೆ. ಬೂಟು ಕಚ್ಚಿದ ಗಾಯ ಮಾಗಿದೆ. ಕವಾಯತಿನಲ್ಲಿ ನಾನು ಮುಂದಿನ ಸಾಲಿಗೆ ಬಂದಿದ್ದೇನೆ. ಇದನ್ನೆಲ್ಲ ಖುಷಿಯಿಂದ ಬರೆಯಬೇಕೆಂದು ಕುಳಿತರೆ ಹಂಪಯ್ಯನ ಮುಖ ಎದುರಿಗೆ ಬರುತ್ತದೆ. ಆ ಹುಡುಗ ಎಷ್ಟು ಮಾತಾಡುತ್ತಿದ್ದ! ಹೋಟೆಲಿಗೆ ಬಂದ ಪರದೇಶದವರಿಗೆಲ್ಲ ನಿಮ್ಮ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು, "ಬರ್ರಿ, ಕುಂದ್ರಿ, ಮಿರ್ಚಿ ಬಿಸಿ ಅದಾವು" ಎನ್ನುತ್ತಿದ್ದ. ಅವರು ನಕ್ಕರೆ, "ಯಾಕ ನಗ್ತೀರಿ" ಎಂದು ಗದರಿಸುತ್ತಿದ್ದ. ಭಾನುವಾರ ಫೋನಿನಲ್ಲಿ ಈಗ ಉಸಿರು ಮಾತ್ರ ಕೇಳಿಸುತ್ತದೆ. ಆ ಉಸಿರು ಅವನದೇ ಎಂದು ನನಗೆ ಗೊತ್ತು.

ನಾನು ಹೊರಟ ದಿನ, ಅವನು ಎದ್ದರೆ ಬಿಡುವುದಿಲ್ಲ, ಮಲಗಿದ್ದಾಗಲೇ ಹೋಗು ಎಂದಿರಿ. ನಮ್ಮ ಕಡೆ ಎಲ್ಲರೂ ಮಾಡುವುದು ಅದೇ. ನಮ್ಮಮ್ಮ ಎಮ್ಮಿಗನೂರಿನಲ್ಲಿ ನನ್ನನ್ನು ಬಿಟ್ಟು ಭತ್ತದ ನಾಟಿಗೆ ಹೋಗುವಾಗಲೂ ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದಳು. ನಿಮ್ಮನ್ನು ದೂರುತ್ತಿಲ್ಲ ಅತ್ತೆ, ಹೆಜ್ಜೆ ಇಟ್ಟವಳು ನಾನೇ. ಆದರೆ ಅದು ಮನಸ್ಸಿನಲ್ಲಿ ಚುಚ್ಚುತ್ತಲೇ ಇದೆ.

ದಸರೆಯವರೆಗೆ ನೋಡುತ್ತೇನೆ. ಅಷ್ಟರಲ್ಲಿ ಅವನು ಮಾತಾಡದಿದ್ದರೆ ನಾನು ಬಿಟ್ಟು ಬರುತ್ತೇನೆ. ದಯವಿಟ್ಟು ಬೈಯಬೇಡಿ. ಇವರು ಬೇಡ ಎಂದಾಗ ನನ್ನ ಟ್ರಂಕಿಗೆ ಚುರುಮುರಿ ಚಿವಡಾ ತುಂಬಿ, ಹೋಗು ಎಂದವರು ನೀವೊಬ್ಬರೇ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ನಿಮ್ಮ
ಸ್ನೇಹಾ

*

ಕಡ್ಡಿರಾಂಪುರ
8 ಸೆಪ್ಟೆಂಬರ್ 2024

ಸ್ನೇಹಾಳಿಗೆ ಆಶೀರ್ವಾದ.

ನಿನ್ನೆ ಗಣಪತಿ ಕೂತ. ಕಡುಬು ಮಾಡಿದ್ದೆ, ಯಜಮಾನ ತಿಂದ. ಹೇಗಿದೆ ಎಂದು ಕೇಳಿದರೆ ತಲೆ ಆಡಿಸಿದ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾವ ಪುಣ್ಯಾತ್ಮ ಹೇಳಿದನೋ, ಅವನ ಬಂಗಾರ ಅವನೇ ಇಟ್ಟುಕೊಳ್ಳಲಿ. ನನಗೆ ಬೆಳ್ಳಿ ಸಾಕು.

ಆ ಶೆಡ್ಡಿನವರಿಗೂ ನನಗೂ ಜಗಳವಾಗಿದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ.

ಬೆಳಗಿನ ಮಿರ್ಚಿ ವ್ಯಾಪಾರ ಮುಗಿದ ಮೇಲೆ ಒಂದು ಸುತ್ತು ಅಲ್ಲಿಗೆ ಹೋಗಿ ಬರುತ್ತಿದ್ದೆ. ಯಾರು ಬೇಕಾದರೂ ಬಂದು ನೋಡಬಹುದು, ಆದರೆ ಬಾಗಿಲ ಬಳಿಯ ಮುಕ್ಕಾಲಿಯ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು, ಅದು ಅಲ್ಲಿಯ ಕಾಯಿದೆ. ನನಗೆ ಬಾಯಿ ಮುಚ್ಚಿಕೊಂಡು ಕೂರು ಎಂದರೆ ಹೇಗೆ ಹೇಳು. ಒಂದು ದಿನ ಕೇಳಿಯೇಬಿಟ್ಟೆ. "ಅಲ್ರೀ ಟೀಚರ್, ಪಾತ್ರಿ ತೊಳಿಯಾಕ ಸಾಲಿಗೆ ಯಾಕ ಬರ್ಬೇಕು? ನಮ್ಮ ಹೋಟೆಲ್‌ನಾಗ ಬೇಕಾದಷ್ಟು ಬಿದ್ದಾವು." ಆಯಮ್ಮ ನಕ್ಕು, "ಅಲ್ಲಿ ನೀವು ತೊಳಿತೀರಿ, ಇಲ್ಲಿ ಅಂವ ತೊಳಿತಾನ. ಅಷ್ಟ ಫರಕ್ ನೋಡ್ರಿ" ಎಂದರು. ನನಗೆ ತಿಳಿಯಲಿಲ್ಲ.

ಬುಧವಾರ ಮೌನದ ಆಟ ಆಡಿಸಿದರು. ಮಕ್ಕಳೆಲ್ಲ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂರಬೇಕು, ಕೈಕಾಲು ಅಲ್ಲಾಡಬಾರದು. ಟೀಚರ್ ಹೊರಗೆ ಹೋಗಿ ಗೋಡೆಯ ಆಚೆಯಿಂದ ಒಬ್ಬೊಬ್ಬರ ಹೆಸರನ್ನೂ ಪಿಸುಮಾತಿನಲ್ಲಿ ಕರೆಯುತ್ತಾರೆ. ಹೆಸರು ಕೇಳಿದ ಮಗು ಸಪ್ಪಳವಿಲ್ಲದೆ ಎದ್ದು ಅವರ ಹತ್ತಿರ ಹೋಗಬೇಕು. ಅಯ್ಯೋ ಸ್ನೇಹಾ, ಅಷ್ಟು ಮಕ್ಕಳಲ್ಲಿ ನಮ್ಮವನು ಕೂತ ಹಾಗೆ ಇನ್ನೊಬ್ಬ ಕೂರಲಿಲ್ಲ. ತೋಟದ ಮೋಟರಿನ ಸದ್ದೂ ನನಗೆ ಕೇಳಿಸುವಷ್ಟು ಮೌನ. ಒಬ್ಬೊಬ್ಬರೇ ಎದ್ದು ಹೋದರು. ಕಡೆಗೆ ಅವನ ಹೆಸರು ಬಂತು. ಏಳಲಿಲ್ಲ. ಮತ್ತೆ ಕರೆದರು. ಏಳಲಿಲ್ಲ. ಇವನಿಗೆ ಕಿವಿಯೂ ಹೋಯಿತೇ ಎಂದುಕೊಂಡೆ. ತಡೆಯಲಾಗದೆ, "ಯಜಮಾನಾ! ನಿನ್ನನ್ನ ಕರ್ಯಾಕತ್ತಾರ, ಏಳಪ್ಪಾ!" ಎಂದು ಕೂಗಿದೆ.

ನನ್ನ ಗಂಟಲು ನಿನಗೆ ಗೊತ್ತು. ಹಂಪಿ ರಸ್ತೆಯಲ್ಲಿ ಹೋಗುವ ಬಸ್ಸು ನಿಲ್ಲಿಸುವ ಗಂಟಲು. ಮಕ್ಕಳು ಬೆಚ್ಚಿಬಿದ್ದವು, ಒಂದು ಹುಡುಗಿ ಜೋರಾಗಿ ಅಳತೊಡಗಿತು. ಆಗ ನಮ್ಮವನು ಎದ್ದ. ಟೀಚರ ಹತ್ತಿರ ಹೋಗಲಿಲ್ಲ. ಓಡಿ ಹೋಗಿ ಆ ಹುಡುಗಿಯ ಬಾಯಿಯ ಮೇಲೆ ಎರಡೂ ಕೈ ಒತ್ತಿ ಹಿಡಿದ. ಅದರ ಕಣ್ಣು ಹೊರಬರುವ ಹಾಗೆ ಹಿಡಿದ. ಬಿಡಿಸುವುದೇ ಕಷ್ಟವಾಯಿತು.

ಸುವರ್ಣಮ್ಮ ನನಗೆ, "ಅಜ್ಜಿ, ನೀವು ಸ್ವಲ್ಪ ಹೊರಗ ಕುಂದ್ರಿ" ಎಂದರು. ಮಕ್ಕಳೆದುರಿಗೆ! ಅವತ್ತಿನಿಂದ ನಾನು ಆ ಕಡೆ ಹೋಗಿಲ್ಲ. ಅವನು ಹೋಗುವುದೂ ಬರುವುದೂ ಪಕ್ಕದ ಮನೆಯವರ ಜೊತೆ. ಹೊಸಪೇಟೆಯಿಂದ ವ್ಯಾನು ಬರುವ ಇಂಗ್ಲಿಷ್ ಸಾಲಿಗೆ ಹಾಕೋಣವೆಂದು ಯೋಚನೆ ನಡೆದಿದೆ. ಟೈ ಕಟ್ಟುತ್ತಾರೆ, ಎ ಬಿ ಸಿ ಕೂಗಿಸುತ್ತಾರೆ. ಕೂಗುತ್ತಾ ಕೂಗುತ್ತಾ ಬಾಯಿ ಬಿಟ್ಟಾನು.

ನಿನ್ನ ಅತ್ತೆ
ರೇಣುಕಮ್ಮ

*

ಕಡ್ಡಿರಾಂಪುರ
27 ಸೆಪ್ಟೆಂಬರ್ 2024

ರೇಣುಕಮ್ಮನವರಿಗೆ ಸುವರ್ಣಮ್ಮನ ನಮಸ್ಕಾರಗಳು.

ಇದನ್ನು ಹಂಪಯ್ಯನ ಚೀಲದಲ್ಲಿಟ್ಟು ಕಳಿಸುತ್ತಿದ್ದೇನೆ. ಅವತ್ತು ನಿಮ್ಮನ್ನು ಹೊರಗೆ ಕೂರಿ ಎಂದದ್ದು ನಿಮಗೆ ನೋವಾಗಿದೆ. ಎದುರಿಗೆ ಬಂದು ಹೇಳೋಣವೆಂದು ಎರಡು ಸಲ ಹೋಟೆಲಿಗೆ ಬಂದೆ. ನೀವು ಬಾಣಲೆಯಿಂದ ತಲೆ ಎತ್ತಲಿಲ್ಲ. ತಿಂದ ಮಿರ್ಚಿ ಚೆನ್ನಾಗಿತ್ತು.

ಅವನನ್ನು ಬೇರೆ ಶಾಲೆಗೆ ಹಾಕುವ ಮಾತು ಕೇಳಿದೆ. ಅದು ನಿಮ್ಮ ಇಷ್ಟ. ಆದರೆ ನಾನು ಕಂಡದ್ದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಹಂಪಯ್ಯ ಮಾತು ಬಾರದ ಮಗುವಲ್ಲ, ಮಾತನ್ನು ಬಿಗಿಹಿಡಿದುಕೊಂಡ ಮಗು. ಒಬ್ಬನೇ ಮೇಜು ತೊಳೆಯುವಾಗ ಅವನ ತುಟಿ ಅಲ್ಲಾಡುತ್ತದೆ. ನಾನು ಹತ್ತಿರ ಹೋದರೆ ನಿಲ್ಲುತ್ತದೆ. ಇನ್ನೊಂದು: ಯಾವ ಮಗು ಅತ್ತರೂ ಓಡಿ ಹೋಗಿ ಬಾಯಿ ಮುಚ್ಚುತ್ತಾನೆ. ಅದರಲ್ಲಿ ಸಿಟ್ಟಿಲ್ಲ, ಹೊಡೆಯುವುದಿಲ್ಲ. ಮುಚ್ಚಿ ಬಾಗಿಲ ಕಡೆ ನೋಡುತ್ತಾನೆ. ಅವನಿಗೆ ಯಾವುದೋ ಹೆದರಿಕೆಯಿದೆ ರೇಣುಕಮ್ಮನವರೇ. ಯಾವುದೆಂದು ನನಗೆ ತಿಳಿಯುತ್ತಿಲ್ಲ. ಒತ್ತಾಯದಿಂದ ಮಾತಾಡಿಸಲು ನನಗೆ ಬರುವುದಿಲ್ಲ. ಅವನಿಗೆ ಮಾತಾಡಬೇಕೆನಿಸಿದ ದಿನ ಅದಕ್ಕೆ ಇಲ್ಲಿ ಜಾಗ ಇರುವಂತೆ ನೋಡಿಕೊಳ್ಳಬಲ್ಲೆ.

ಆಗಾಗ ಒಬ್ಬ ಕೆಲಸಗಾರರನ್ನು ಕರೆಸಿ ಮಕ್ಕಳಿಗೆ ತೋರಿಸುತ್ತೇವೆ. ಹೋದ ಸಲ ಗಾರೆ ಕೆಲಸದ ಗಾಳೆಪ್ಪನವರು ಬಂದಿದ್ದರು, ಮಕ್ಕಳೆಲ್ಲ ಕರಣೆ ಹಿಡಿದು ನೋಡಿದವು. ಈ ಸಲ ಒಬ್ಬ ಪೊಲೀಸರು ಬರಲಿ ಎಂದುಕೊಂಡಿದ್ದೇನೆ. ತನ್ನ ತಾಯಿ ಏನಾಗಲು ಹೋಗಿದ್ದಾಳೆಂದು ಹಂಪಯ್ಯ ಕಣ್ಣಾರೆ ನೋಡಲಿ. ನಾಲ್ಕನೇ ತಾರೀಖು, ಶುಕ್ರವಾರ. ನೀವೂ ಬರಬೇಕು. ಮುಕ್ಕಾಲಿಯ ಮೇಲೆ ಬೇಡ, ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂರಿ.

ಇಂತಿ
ಸುವರ್ಣಮ್ಮ

*

ಕಲಬುರಗಿ
29 ಸೆಪ್ಟೆಂಬರ್ 2024

ಅತ್ತೆಯವರಿಗೆ,

ಇವತ್ತು ಫೋನ್ ಸಿಕ್ಕಾಗ ಇವರ ಜೊತೆ ಮಾತಾಡಿದೆ. ಜಗಳವಾಡಲಿಲ್ಲ ಇವರು. ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. "ನಾನು ಬಸ್ಸಿಂದ ಇಳಿದ್ರ ಓಡಿ ಬರ್ತಿದ್ದ ಸ್ನೇಹಾ, ಈಗ ನೋಡ್ಕೋಂತ ನಿಂತಿರ್ತಾನ" ಎಂದಷ್ಟೇ ಹೇಳಿದರು.

ನನ್ನ ಕೈಲಾಗುವುದಿಲ್ಲ ಅತ್ತೆ. ದಸರೆಗೆ ಎರಡು ದಿನ ರಜೆ ಕೊಡುತ್ತಾರೆ. ಹೊರಡುವ ಮುಂಚೆ ನೌಕರಿ ಬೇಡವೆಂದು ತರಬೇತಿಯ ಮೇಡಂಗೆ ಬರೆದು ಕೊಟ್ಟೇ ಬರುತ್ತೇನೆ. ಖಾಕಿ ಹಾಕಿಕೊಂಡು ಕನ್ನಡಿ ನೋಡಿದ ದಿನ ಎಷ್ಟು ಸಂತೋಷಪಟ್ಟಿದ್ದೆ ಎಂದು ನಿಮಗೊಬ್ಬರಿಗೇ ಹೇಳುತ್ತೇನೆ. ಹೋಗಲಿ ಬಿಡಿ. ಮಗನ ಮಾತಿಗಿಂತ ಅದು ದೊಡ್ಡದಲ್ಲ.

ನಿಮ್ಮ
ಸ್ನೇಹಾ

*

ಕಡ್ಡಿರಾಂಪುರ
5 ಅಕ್ಟೋಬರ್ 2024

ಸ್ನೇಹಾ,

ಬರೆದು ಕೊಡಬೇಡ. ಕೊಟ್ಟಿದ್ದರೆ ಹೋಗಿ ಕಾಲಿಗೆ ಬಿದ್ದಾದರೂ ಹಿಂದಕ್ಕೆ ಇಸಿದುಕೋ. ನಿನ್ನೆ ನಿಮ್ಮ ಆಫೀಸಿಗೆ ಫೋನ್ ಮಾಡಿ ನಿನ್ನನ್ನು ಕರೆಸಿದೆನಲ್ಲ, ನನ್ನ ಅಳುವಿನಲ್ಲಿ ನಿನಗೆ ಅರ್ಧವೂ ತಿಳಿದಿರಲಿಕ್ಕಿಲ್ಲ. ಮೊದಲಿನಿಂದ ಹೇಳುತ್ತೇನೆ, ಕೂತು ಓದು.

ಟೀಚರು ಚೀಟಿ ಕಳಿಸಿದ್ದರು. ಚಾಪೆಯ ಮೇಲೆ ಕೂರಿ ಎಂದು ಬರೆದಿದ್ದರು, ಆ ಒಂದು ಮಾತಿಗೆ ನನ್ನ ಸಿಟ್ಟು ಇಳಿಯಿತು. ಶುಕ್ರವಾರ ಹೋದೆ. ಪೊಲೀಸ್ ಯಾರು ಬಂದರು ಹೇಳು? ಓಬಳೇಶಪ್ಪ. ನೀನು ಆಯ್ಕೆಯಾದ ಮೇಲೆ ಮನೆ ವಿಚಾರಣೆಗೆಂದು ಬಂದು ನಮ್ಮಲ್ಲಿ ಚಹಾ ಕುಡಿದು ಹೋಗಿದ್ದನಲ್ಲ, ಅದೇ ದಪ್ಪ ಮೀಸೆಯ ಪೇದೆ. ಇಸ್ತ್ರಿ ಖಾಕಿ, ತಲೆಯ ಮೇಲೆ ಟೋಪಿ. ಬೂಟು ಬಾಗಿಲಲ್ಲಿ ಬಿಚ್ಚಿ, ನಗುತ್ತಾ ಒಳಗೆ ಬಂದ.

ಅಷ್ಟೇ. ಮಕ್ಕಳ ಕೈಲಿದ್ದ ಚಂಬು, ಬಟ್ಟೆ, ಮಣಿ ಎಲ್ಲ ನಿಂತವು. ಒಂದು ಹುಡುಗಿ ನನ್ನ ಸೀರೆಯ ಹಿಂದೆ ಮುಖ ಮುಚ್ಚಿಕೊಂಡಿತು. ನಮ್ಮ ಯಜಮಾನ ಮೂಲೆಯಲ್ಲಿ ಮೇಜು ಒರೆಸುತ್ತಿದ್ದ. ಓಬಳೇಶಪ್ಪನನ್ನು ನೋಡಿದ. ಬಟ್ಟೆ ಹಿಂಡಿದ, ಮಡಚಿದ, ಬುಟ್ಟಿಯಲ್ಲಿಟ್ಟ. ಅಲ್ಲಿ ಕೆಲಸ ಮುಗಿಸಿಯೇ ಏಳಬೇಕು, ಹಾಗೆ ಕಲಿತಿದ್ದಾನೆ. ಆಮೇಲೆ ನೇರ ನಡೆದು ಬಂದು ಪೊಲೀಸನ ಮುಂದೆ ನಿಂತ. ನಿಂತು ಕಿರುಚಿದ.

ಎಂಥ ಕಿರುಚು ಸ್ನೇಹಾ! ಇಷ್ಟು ತಿಂಗಳು ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ಕಿರುಚಿದ. ಕತ್ತಿನ ನರ ಉಬ್ಬಿತು, ಮುಖ ಕೆಂಪಗಾಯಿತು. ನಿಲ್ಲಿಸಿ ಅವನ ಮುಖ ನೋಡಿದ. ಓಬಳೇಶಪ್ಪ ಗರಬಡಿದು ನಿಂತಿದ್ದ. ನಮ್ಮವನು ಉಸಿರು ತೆಗೆದುಕೊಂಡು ಮತ್ತೆ ಕಿರುಚಿದ. ನಾನು ಏಳಹೋದರೆ ಸುವರ್ಣಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಆಗ ಅವನು ಎರಡೂ ಕೈ ಜೋಡಿಸಿ ಮುಂದೆ ಚಾಚಿ ಮಾತಾಡಿದ.

"ಹಿಡ್ಕೊಂಡ್ ಹೋಗ್ರಿ. ನಾ ಗದ್ಲ ಮಾಡೀನಿ. ನನ್ನನ್ನೂ ಅವ್ವನ ಹತ್ರ ಹಿಡ್ಕೊಂಡ್ ಹೋಗ್ರಿ."

ಅಯ್ಯೋ ನನ್ನ ದೇವರೇ. ಆಗ ನನಗೆ ಎಲ್ಲ ತಿಳಿಯಿತು.

ಓಬಳೇಶಪ್ಪ ವಿಚಾರಣೆಗೆ ಬಂದ ದಿನ ಇವನು ಅಂಗಡಿಯ ಕುರುಕಲು ಬೋಟಿ ಬೇಕೆಂದು ರಂಪ ಮಾಡುತ್ತಿದ್ದ. ಬಂದವರ ಎದುರಿಗೆ ಮರ್ಯಾದೆ ಹೋಗುತ್ತದೆಂದು ನಾನು, "ಸುಮ್ಮನಿರು, ಇಲ್ಲಾಂದ್ರ ಈ ಪೊಲೀಸಪ್ಪ ಹಿಡ್ಕೊಂಡ್ ಹೋಗ್ತಾನ ನೋಡು" ಎಂದೆ. ಎಲ್ಲರೂ ಅನ್ನುವ ಮಾತು. ನಮ್ಮವ್ವ ನನಗೆ ಅಂದದ್ದು, ನಾನು ಮಲ್ಲೇಶನಿಗೆ ಅಂದದ್ದು, ನೀನೂ ಅಂದಿದ್ದೀ. ಓಬಳೇಶಪ್ಪನೂ ತಮಾಷೆಗೆ ಮೀಸೆ ತಿರುವಿ ಲಾಠಿ ತಟ್ಟಿದ. ಇವನು ಅಳು ನಿಲ್ಲಿಸಲಿಲ್ಲ. ಕೆಲವೇ ದಿನಕ್ಕೆ ಒಂದು ಬೆಳಿಗ್ಗೆ ಎದ್ದು ನೋಡುತ್ತಾನೆ, ಹಾಸಿಗೆಯಲ್ಲಿ ನೀನಿಲ್ಲ. ಅವ್ವ ಪೊಲೀಸ್ ಕಡೆಗೆ ಹೋದಳು ಎಂದು ಬಂದವರ ಹತ್ತಿರವೆಲ್ಲ ನಾವು ಮಾತಾಡುತ್ತೇವೆ, ಅವನಿಗೆ ಮಾತ್ರ ಸಂತೆ ಎನ್ನುತ್ತೇವೆ. ಅವನು ಲೆಕ್ಕ ಹಾಕಿದ. ನಾನು ಗದ್ದಲ ಮಾಡಿದೆ, ಅವ್ವನನ್ನು ಹಿಡಿದುಕೊಂಡು ಹೋದರು. ಇನ್ನು ಬಾಯಿ ಬಿಟ್ಟರೆ ಅಜ್ಜಿಯನ್ನೂ ಅಪ್ಪನನ್ನೂ ಒಯ್ಯುತ್ತಾರೆ. ಆ ಹುಡುಗಿಯ ಬಾಯಿ ಯಾಕೆ ಒತ್ತಿ ಹಿಡಿದ ಎಂದು ಈಗ ತಿಳಿಯಿತೇ? ಅದರ ಅವ್ವ ಅದಕ್ಕೆ ಉಳಿಯಲಿ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಊರಿಗೆಲ್ಲ ಬುದ್ಧಿ ಹೇಳುತ್ತೇನೆ.

ಓಬಳೇಶಪ್ಪ ಟೋಪಿ ತೆಗೆದು ನೆಲದ ಮೇಲಿಟ್ಟು, ತಾನೂ ನೆಲಕ್ಕೇ ಕೂತ. ಅವನ ಕಣ್ಣಲ್ಲೂ ನೀರು. "ನಿಮ್ಮವ್ವನ್ನ ಯಾರೂ ಹಿಡ್ಕೊಂಡ್ ಹೋಗಿಲ್ಲಪ್ಪ. ಆಕಿ ನನ್ನ ಹಂಗ ಪೊಲೀಸ್ ಆಗಾಕ ಹೋಗ್ಯಾಳ. ತಪ್ಪಿಸಿಕೊಂಡ ಮಕ್ಕಳನ್ನ ಅವ್ವನ ಹತ್ರ ಕರ್ಕೊಂಡ್ ಹೋಗೋದು ನಮ್ಮ ಕೆಲ್ಸ" ಎಂದ. ಯಜಮಾನ ನಂಬಲಿಲ್ಲ, ಟೀಚರ ಮುಖ ನೋಡಿದ. ಅವರು, "ಖರೇ ಹಂಪಯ್ಯ, ಅವ್ವ ದಸರಿಗೆ ಬರ್ತಾಳ" ಎಂದರು. ಅವರ ಮಾತು ನಂಬಿದ. ಯಾಕೆಂದರೆ ಆಯಮ್ಮ ಅವನಿಗೆ ಒಂದು ದಿನವೂ ಸುಳ್ಳು ಹೇಳಿಲ್ಲ. ಸಂತೆ ಎಂದು ಹೇಳಿದವಳು ನಾನು.

ಆಮೇಲೆ ಉಳಿದ ಮಕ್ಕಳೂ ಬಾಯಿ ಬಿಟ್ಟವು. ನಮ್ಮಪ್ಪನೂ ಹಂಗ ಅಂತಾನ, ನಮ್ಮ ಅಜ್ಜಿನೂ ಅಂತಾಳ ಎಂದು. ಓಬಳೇಶಪ್ಪ ತಲೆ ಕೆರೆದುಕೊಂಡು, "ಏನ್ ಹೇಳ್ಲಿ ಟೀಚರ್, ನಮ್ಮ ಮನ್ಯಾಗ ನನ್ನ ಹೆಂಡ್ತಿನೂ ಮಗಳಿಗೆ ಪೊಲೀಸ್ ಬರ್ತಾರ ಅಂತ ಹೆದರಸ್ತಾಳ್ರಿ. ನಾ ಅಲ್ಲೇ ಬನಿಯನ್ ಮ್ಯಾಲ ಕುಂತಿರ್ತೀನಿ!" ಎಂದ. ಅಳುವಿನ ನಡುವೆ ನಾನು ನಕ್ಕುಬಿಟ್ಟೆ.

ನೀನು ಬಾ. ಆದರೆ ವಾಪಸ್ ಹೋಗಲು ಬಾ. ಹೋಗುವಾಗ ಅವನಿಗೆ ಹೇಳಿ, ಅವನ ಕಣ್ಣೆದುರಿಗೇ ಹೋಗು. ಟೀಚರು ಹೇಳಿದ್ದು ಇದೊಂದೇ.

ಸುವರ್ಣಮ್ಮನ ಕೈ ಹಿಡಿದು ಏನೇನೋ ಹೇಳಬೇಕೆಂದುಕೊಂಡೆ, ಬಾಯಿ ಕಟ್ಟಿತು. ನನಗೆ, ಬಾಯಿ ಕಟ್ಟಿತು!

ನಿನ್ನ ಅತ್ತೆ
ರೇಣುಕಮ್ಮ

*

ಕಲಬುರಗಿ
20 ಅಕ್ಟೋಬರ್ 2024

ಸುವರ್ಣಮ್ಮ ಟೀಚರಿಗೆ ಹಂಪಯ್ಯನ ತಾಯಿ ಸ್ನೇಹಾಳ ನಮಸ್ಕಾರಗಳು.

ಊರಿಗೆ ಬಂದಾಗ ನಿಮ್ಮನ್ನು ನೋಡಲು ಬಂದೆ, ಶಾಲೆಗೆ ರಜೆಯಿತ್ತು. ಬಾಗಿಲ ಸಂದಿಯಿಂದ ಒಳಗೆ ನೋಡಿದೆ. ಅವನು ನನ್ನ ಕೈ ಹಿಡಿದು, "ಅದು ನನ್ನ ಚಾಪಿ, ಅದು ನನ್ನ ಬಟ್ಟಿ, ಅಲ್ಲಿ ಟೀಚರ್ ಕುಂದರ್ತಾರ" ಎಂದು ಒಂದೊಂದನ್ನೇ ತೋರಿಸಿದ. ನಾನು ಕೇಳಿದೆ, ಕೇಳುತ್ತಲೇ ನಿಂತೆ. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ.

ವಾಪಸ್ ಹೊರಡುವ ದಿನ ಅವನಿಗೆ ಎಲ್ಲ ಹೇಳಿದೆ. ಎಲ್ಲಿಗೆ ಹೋಗುತ್ತೇನೆ, ಯಾಕೆ ಹೋಗುತ್ತೇನೆ, ಯುಗಾದಿ ಆದ ಮೇಲೆ ಪೂರ್ತಿ ಬರುತ್ತೇನೆ ಎಂದೆ. ಆವತ್ತು ಹೇಳದೆ ಹೋದದ್ದಕ್ಕೆ ತಪ್ಪಾಯಿತು ಎಂದೆ. ಹೊಸಪೇಟೆ ಬಸ್ ಸ್ಟ್ಯಾಂಡಿಗೆ ಅವನೇ ನನ್ನ ಚೀಲದ ಒಂದು ಹಿಡಿಕೆ ಹಿಡಿದು ಬಂದ. ಬಸ್ಸು ಹೊರಟಿತು. ಅವನು ಅತ್ತ, ಟೀಚರ್. ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡುವಂತೆ ಬಾಯಿ ತೆರೆದು ಅತ್ತ. ಅವರಪ್ಪ ಬಾಯಿ ಮುಚ್ಚಿಸಲಿಲ್ಲ, ಎತ್ತಿಕೊಂಡು ನಿಂತರು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಪಾಪ, ಕೂಸು ಎಷ್ಟು ಅಳಾಕತ್ತದ" ಎಂದಳು. ನಾನು ಹೌದಮ್ಮ ಎಂದೆ. ಕಂಪ್ಲಿಯೋ ಕೊಪ್ಪಳವೋ, ಬಸ್ಸು ಯಾವ ದಾರಿಯಲ್ಲಿ ಹೋಯಿತೆಂದೂ ನನಗೆ ನೆನಪಿಲ್ಲ. ಆ ಅಳು ಕಿವಿಯಲ್ಲಿತ್ತು, ನನಗೆ ಸಮಾಧಾನವಾಗಿತ್ತು.

ನೀವು ಅವನಿಗೆ ಒಂದು ದಿನವೂ "ಮಾತಾಡು" ಎನ್ನಲಿಲ್ಲವಂತೆ. ನಾವೆಲ್ಲರೂ ದಿನವಿಡೀ ಅದನ್ನೇ ಅಂದೆವು. ನಿಮ್ಮಿಂದ ನನ್ನ ಮಗ ಮಾತಿಗೆ ಬಂದ, ನಾನು ಕೆಲಸದಲ್ಲಿ ಉಳಿದೆ. ಈ ಉಪಕಾರ ತೀರಿಸುತ್ತೇನೆ ಎಂದು ಹೇಳುವುದಿಲ್ಲ. ತೀರಿಸದೆ ಇಟ್ಟುಕೊಳ್ಳುತ್ತೇನೆ.

ನಿಮ್ಮ
ಸ್ನೇಹಾ

*

ಕಡ್ಡಿರಾಂಪುರ
2 ಮಾರ್ಚ್ 2025

ಸ್ನೇಹಾಳಿಗೆ ಅತ್ತೆಯ ತುಂಬು ಆಶೀರ್ವಾದ.

ನಿನ್ನ ಕವಾಯತಿನ ಫೋಟೋ ಬಂತು. ಹೋಟೆಲಿನಲ್ಲಿ ಬಸವಣ್ಣನ ಪಟದ ಪಕ್ಕ ಹಾಕಿದ್ದೇನೆ. ಮಲ್ಲೇಶ ಬಂದವರಿಗೆಲ್ಲ, "ನಮ್ಮ ಮನಿಯಾಕಿ, ಮುಂದಿನ ಸಾಲು" ಎಂದು ತೋರಿಸುತ್ತಾನೆ. ವಾಪಸ್ ಕರೆಸು ಎಂದವನು ಇವನೇನಾ ಎಂದು ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ ಬಿಡು, ಕೇಳಿಬಿಟ್ಟಿದ್ದೇನೆ.

ಶುಕ್ರವಾರ ಶುಕ್ರವಾರ ಬಾಳೆ ಶೆಡ್ಡಿನ ಮಕ್ಕಳಿಗೆ ಉಪ್ಪಿಟ್ಟು ನನ್ನದು. ಮಾಡಿಕೊಡುವುದೇನು, ಅವೇ ಈರುಳ್ಳಿ ಸುಲಿಯುತ್ತವೆ, ಅವೇ ಬಡಿಸಿಕೊಳ್ಳುತ್ತವೆ, ನಾನು ಸುಮ್ಮನೆ ಕೂತು ನೋಡಬೇಕು. ಸುಮ್ಮನೆ ಕೂರುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ. ಮೌನದ ಆಟಕ್ಕೆ ನನ್ನನ್ನೂ ಕೂರಿಸಿಕೊಳ್ಳುತ್ತಾರೆ. ಸುವರ್ಣಮ್ಮ ಗೋಡೆಯ ಆಚೆಯಿಂದ "ರೇಣುಕಮ್ಮ" ಎಂದು ಕರೆದಾಗ ನಾನೂ ತುದಿಗಾಲಲ್ಲಿ ಎದ್ದು ಹೋಗುತ್ತೇನೆ. ಮಂಡಿ ಲಟಲಟ ಎನ್ನುತ್ತದೆ, ಮಕ್ಕಳು ನಗುತ್ತವೆ, ಆಟ ಕೆಡುತ್ತದೆ. ಯಾರೂ ಹೊರಗೆ ಕೂರಿ ಎನ್ನುವುದಿಲ್ಲ.

ಯಜಮಾನನ ಮಾತು ಕೇಳುತ್ತೀಯಾ? ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬೀಗವಿಲ್ಲ. ನನಗೆ ತಲೆನೋವು ಬಂದರೂ ಒಮ್ಮೆಯೂ ಸುಮ್ಮನಿರು ಎಂದಿಲ್ಲ. ಅನ್ನುವುದೂ ಇಲ್ಲ. ಸಂಜೆ ದೇವರ ಮುಂದೆ ನಿಂತಾಗ ಬೇರೆ ಏನೂ ಕೇಳುವುದಿಲ್ಲ ಸ್ನೇಹಾ. ಶೆಡ್ಡು ಚೆನ್ನಾಗಿರಲಿ, ಆಯಮ್ಮ ಚೆನ್ನಾಗಿರಲಿ, ನನ್ನ ಸೊಸೆ ಚೆನ್ನಾಗಿರಲಿ ಎನ್ನುತ್ತೇನೆ. ನೀನು ಈ ಮನೆಗೆ ಬಂದದ್ದು ನನ್ನ ಪುಣ್ಯ. ಎದುರಿಗೆ ಇದನ್ನು ಹೇಳಲಾರೆ, ಅದಕ್ಕೇ ಬರೆದಿದ್ದೇನೆ.

ಇವತ್ತು ಮಧ್ಯಾಹ್ನ ನಡೆದದ್ದು ಹೇಳಿ ಮುಗಿಸುತ್ತೇನೆ. ಹಂಪಿ ನೋಡಿಕೊಂಡು ಬಂದ ಕಂಪ್ಲಿ ಕಡೆಯವರು ಊಟಕ್ಕೆ ಕೂತಿದ್ದರು. ಅವರ ಸಣ್ಣ ಹುಡುಗಿ ಬಿಸಿಲಿಗೆ ಬಳಲಿ ಒಂದೇ ಸಮನೆ ಅಳುತ್ತಿತ್ತು. ತಾಯಿ ತುತ್ತು ಹಿಡಿದು ಹಿಡಿದು ಸಾಕಾಗಿ, "ಬಾಯಿ ಮುಚ್ಚು, ಅಲ್ನೋಡು, ಪೊಲೀಸ್ ಬರಾಕತ್ತಾರ" ಎಂದಳು. ನನ್ನ ಕೈಯಲ್ಲಿದ್ದ ಜಾಲರಿ ಎಣ್ಣೆಯಲ್ಲೇ ನಿಂತಿತು. ಓಡಿ ಹೋಗಿ ಹಾಗನ್ನಬೇಡಿ ಎನ್ನಬೇಕು ಎನ್ನುವಷ್ಟರಲ್ಲಿ ನಮ್ಮವನು ಅಲ್ಲಿಗೆ ಹೋಗಿಯಾಗಿತ್ತು. ಆ ಹುಡುಗಿಯ ಎದುರಿಗೆ ಕುಕ್ಕುರುಗಾಲಲ್ಲಿ ಕೂತ. ಬಾಯಿಗೆ ಕೈ ಒತ್ತಲಿಲ್ಲ. ಟೀಚರ ಹಾಗೆ ಮೆತ್ತಗಿನ ದನಿಯಲ್ಲಿ ಹೇಳಿದ:

"ಅಳಬೇಕಂದ್ರ ಅಳು. ಪೊಲೀಸ್ ಬಂದ್ರ ಬರ್ಲಿ. ಬರೋದು ನಮ್ಮವ್ವ."

ನಿನ್ನ ದಾರಿ ನೋಡುವ ಅತ್ತೆ
ರೇಣುಕಮ್ಮ